ಕೂಳೆ ಕಬ್ಬು

ಮಂಡ್ಯ

ಪ್ರೀತಿಯ ಮಗಳೇ,

ನಿನ್ನ ಕಿರುಚಿತ್ರದ ಎರಡನೇ ಭಾಗಕ್ಕೆ ಬರೆದ ಚಿತ್ರಕಥೆ ಕೈ ಸೇರಿ ಹದಿನೈದು ದಿನವಾಯ್ತು. ‘ಭಾಗ ಒಂದಕ್ಕೆ ಬಂದ ಕೈ ಎರಡಕ್ಕೆ ಬರ್ತಿಲ್ಲ ಸರ್, ಬರೆಯೋದೇ ಬಿಟ್ಟುಬಿಡ್ಲಾ’ ಅಂತ ಚೀಟಿ ಇಟ್ಟಿದ್ದೀಯ. ಬಿಡಬೇಡ. ಇಂಟರ್ವಲ್ ಎಲ್ಲಿ ಬರಬೇಕು ಅಂತಲೂ ಕೇಳಿದ್ದೀಯ. ಅದನ್ನ ಯಾರಾದರೂ ಹೇಳಿಕೊಡ್ತಾರೆ, ನನ್ನನ್ನ ಕಾಡಬೇಡ.

ಮೈಸೂರಿನಲ್ಲಿ ನಿನ್ನ ಕಿರುಚಿತ್ರ ತೋರಿಸಿದ ದಿನ ನಾನು ಹಿಂದಿನ ಸಾಲಲ್ಲಿದ್ದೆ. ಕೊನೆಗೆ ಅಜ್ಜಿ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳಲ್ಲ, ಆ ಸದ್ದಿಗೆ ಎದೆ ಝಲ್ಲೆಂದಿತ್ತು. ಈಗ ಮೂರನೇ ಪುಟದಲ್ಲೇ ಆ ಚಿಲಕ ತೆಗೆಸಿದ್ದೀಯ. ಯಾಕಮ್ಮ? ‘ಆಮೇಲೇನಾಯ್ತು’ ಅಂತ ಜನ ಕೇಳಿದರು ಅಂತ ತಾನೆ?

ನಮ್ಮ ಕಡೆ ನಾಟಿ ಮಾಡಿದ ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಬರೋದು ಕೂಳೆ. ಬಿತ್ತನೆ ಖರ್ಚಿಲ್ಲ, ಬೇಗ ಬಲಿಯುತ್ತೆ. ನಿರ್ಮಾಪಕರಿಗೆ ಭಾಗ ಎರಡರ ಮೇಲೆ ಪ್ರೀತಿ ಉಕ್ಕೋದೂ ಇದಕ್ಕೇ: ಮೊದಲ ದಿನದ ಟಿಕೆಟ್ ಹಳೇ ಹೆಸರೇ ಮಾರುತ್ತೆ. ಆದರೆ ಕೂಳೆ ಸುಮ್ಮನೆ ಬರಲ್ಲ. ನಮ್ಮಪ್ಪ ಮೋಟನ್ನ ನೆಲಮಟ್ಟಕ್ಕೆ ಸವರಿ, ಬುಡ ಸತ್ತ ಕಡೆ ಹೊಸ ಸಸಿ ಕೂರಿಸಿ, ನಾಟಿಗಿಂತ ಒಂದು ಕೈ ಜಾಸ್ತಿನೇ ಗೊಬ್ಬರ ಹಾಕೋರು. ಸವರದೆ ಬಿಟ್ಟರೆ ಮೇಲಿನ ಗಿಣ್ಣಿಂದ ಚಿಗುರುತ್ತೆ, ಗಾಳಿ ಬಂದ ದಿನ ಮಲಗುತ್ತೆ.

ನಾನು ಸವರಲಿಲ್ಲ. ಒಂದು ಸಿನಿಮಾಗೆ ಸಂಭಾಷಣೆ ಬರೆದಿದ್ದೆ. ಅದರಲ್ಲಿ ನಾಲೆ ಏರಿ ಮೇಲೆ ಕೂತ ಮುದುಕ ಹೋಗಿಬರೋರನ್ನೆಲ್ಲ ‘ನೀರು ಬಂತಾ?’ ಅಂತಾನೆ. ಮೂರೇ ಸಲ. ಊರೂರಲ್ಲಿ ಹುಡುಗರು ಅದನ್ನೇ ಅಂದರು, ಹೋಟೆಲಿನವನು ನನಗೆ ಕಾಫಿ ದುಡ್ಡು ಬೇಡ ಅಂದ. ನಾನು ಉಬ್ಬಿಹೋದೆ. ಎರಡನೇ ಭಾಗಕ್ಕೆ ಅದೇ ಮಾತು ಹನ್ನೊಂದು ಸಲ ಬರೆದೆ. ಮೊದಲ ಆಟ ಇಲ್ಲೇ ನೋಡಿದೆ. ನಾಲ್ಕನೇ ಸಲಕ್ಕೆ ಪಕ್ಕದವನು ಕಡಲೆಕಾಯಿ ಸಿಪ್ಪೆ ಒಡೆಯೋದು ಕೇಳಿಸ್ತಿತ್ತು. ಆ ನಿರ್ಮಾಪಕ ಬಾಕಿ ದುಡ್ಡು ಇವತ್ತಿಗೂ ಕೊಟ್ಟಿಲ್ಲ. ಅದಿರಲಿ, ಆ ಹನ್ನೊಂದೂ ನನ್ನ ಕೈಯದೇ.

2006ರ ‘ಮುಂಗಾರು ಮಳೆ’ ನೋಡಿದ್ದೀಯಲ್ಲ. ಹುಡುಗಿ ಸಿಗಲಿಲ್ಲ, ದೇವದಾಸ ಅನ್ನೋ ಮೊಲವೂ ಸತ್ತಿತು. ಅಲ್ಲಿಂದ ಮುಂದೆ ಏನಿತ್ತು? ಹತ್ತು ವರ್ಷದ ಮೇಲೆ ಎರಡು ಅಂತ ಬಂದದ್ದು ಬೇರೆ ನಿರ್ದೇಶಕರ ಬೇರೆಯದೇ ಕಥೆ. ಹೆಸರಿತ್ತು, ಮಳೆ ಇತ್ತು, ನಾನಂತೂ ಮೊಲ ಹುಡುಕ್ತಾ ಕೂತಿದ್ದೆ.

ಎಲ್ಲ ಕೂಳೆಯೂ ಜೊಳ್ಳು ಅಂತ ನಾನೆಲ್ಲಿ ಅಂದೆ? 1972ರ ‘ಗಾಡ್‌ಫಾದರ್’ಗೆ ಎರಡೇ ವರ್ಷದಲ್ಲಿ ಎರಡನೆಯದು ಬಂತು, ಅದಕ್ಕೂ ಶ್ರೇಷ್ಠ ಚಿತ್ರದ ಆಸ್ಕರ್ ಸಿಕ್ಕಿತು. ಅಲ್ಲಿ ಮಗನ ಕಥೆ ಮುಂದೆ ಹೋಗ್ತಿದ್ದ ಹಾಗೇ ಅಪ್ಪನ ಬಾಲ್ಯ, ಯೌವನ ಬೇರೆ ಬಿಚ್ಚಿಕೊಳ್ಳುತ್ತೆ. ಬುಡದಲ್ಲಿ ಜೀವ ಇತ್ತು. 1990ರ ಮೂರನೆಯದರ ಮಾತು ಬೇಡ.

ನಿನ್ನ ಅಜ್ಜಿ ಚಿಲಕ ಹಾಕಿಕೊಂಡು ಒಳಗೆ ಏನು ಮಾಡ್ತಾಳೆ? ಹೊಗಳಿದವರಿಗೆ ಬೇಕಾದದ್ದಲ್ಲ, ನಿನಗೆ ಗೊತ್ತಿರೋದು ಹೇಳು. ಇಪ್ಪತ್ತೆರಡನೇ ಪುಟದಲ್ಲಿ ಅವಳು ಒಬ್ಬಳೇ ಹಳೇ ರೇಷನ್ ಕಾರ್ಡಿನ ಹೆಸರುಗಳನ್ನ ಬೆರಳಿಟ್ಟು ಓದ್ತಾಳಲ್ಲ, ಅಲ್ಲಿ ನೀನಿದ್ದೀಯ. ಉಳಿದದ್ದು ಚಪ್ಪಾಳೆ ಬರೆಸಿದ್ದು.

ಹಸ್ತಪ್ರತಿ ಅಂಚೆಗೆ ಹಾಕಲ್ಲ, ಭಾನುವಾರ ಬಂದು ತಗೊಂಡು ಹೋಗು, ಊಟಕ್ಕೆ ಇಲ್ಲೇ ಇರು. ನಲವತ್ತೊಂದನೇ ಪುಟದ ಮೇಲಿರೋದು ಟೀ ಕಲೆ, ನನ್ನ ಅಭಿಪ್ರಾಯ ಅಲ್ಲ.

ನಿನ್ನ ಮೇಷ್ಟ್ರು