ಗೆಳೆಯನಿಗೊಂದು ಪತ್ರ: ಯಾನಾಚೆಕ್ ಮತ್ತು ಜಾನ್ ಟಿರೆಲ್

ಪ್ರಿಯ ಶ್ರೀಧರ,

ಜಾನ್ ಟಿರೆಲ್ ಹಾಗೆ ಒಬ್ಬನೇ ಸಂಗೀತಗಾರನ ಹಿಂದೆ ಬಿದ್ದು ಆಯುಸ್ಸೆಲ್ಲ ಕಳೆಯೋದು ಜಾಸ್ತಿ ಆಯ್ತಲ್ವಾ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಜಾನ್ ಟಿರೆಲ್ ಹುಟ್ಟಿದ್ದು 1942ರಲ್ಲಿ, ಈಗಿನ ಜಿಂಬಾಬ್ವೆಯ ಹರಾರೆಯಲ್ಲಿ. ಕೇಪ್‌ಟೌನ್‌ನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಬಂದರು. ಅಲ್ಲಿ ಡಾಕ್ಟರೇಟ್ ಮಾಡಿದ್ದೇ ಝೆಕ್ ಸಂಗೀತಗಾರ ಲೆಯೋಶ್ ಯಾನಾಚೆಕ್‌ನ ಒಪೆರಾಗಳ, ಅಂದರೆ ಹಾಡುತ್ತಲೇ ಆಡುವ ನಾಟಕಗಳ ಮೇಲೆ. ಆಮೇಲೆ ನಾಟಿಂಗ್‌ಹ್ಯಾಮ್, ಕಾರ್ಡಿಫ್‌ಗಳಲ್ಲಿ ಪಾಠ ಮಾಡಿದರು. 2001ರಲ್ಲಿ ಬಂದ ನ್ಯೂ ಗ್ರೋವ್ ಸಂಗೀತ ಕೋಶದ 29 ಸಂಪುಟಗಳ ಸಂಪಾದನೆಯಲ್ಲೂ ದೊಡ್ಡ ಹೊಣೆ ಹೊತ್ತರು. 2018ರಲ್ಲಿ ತೀರಿಕೊಂಡರು. ಯಾವ ಕೆಲಸ ಬಂದರೂ ಯಾನಾಚೆಕ್‌ನ ಕೈ ಮಾತ್ರ ಬಿಡಲಿಲ್ಲ.

ಹಾಗೆ ಹಿಡಿದಿದ್ದರಿಂದ ಏನಾಯಿತು ಅಂತ ತಾನೇ ನಿನ್ನ ಪ್ರಶ್ನೆ? ಯೆನೂಫಾ ಒಪೆರಾದ ಕತೆ ಕೇಳು. ಅದು ಮೊದಲು ಆಡಿದ್ದು 1904ರಲ್ಲಿ, ಬ್ರನೊ ಪಟ್ಟಣದಲ್ಲಿ. ಪ್ರಾಗ್‌ನ ನ್ಯಾಷನಲ್ ಥಿಯೇಟರ್ ಬೇಡ ಎಂದಿತ್ತು. ಅಲ್ಲಿನ ಒಪೆರಾ ಮುಖ್ಯಸ್ಥ ಕೊವಾರ್ಝೊವಿತ್ಸ್. ಅವನ ಒಂದು ಒಪೆರಾವನ್ನು ಯಾನಾಚೆಕ್ 1887ರಲ್ಲಿ ವಿಮರ್ಶೆ ಬರೆದು ಚೆನ್ನಾಗಿ ಝಾಡಿಸಿದ್ದ. ಕೊನೆಗೆ 1916ರಲ್ಲಿ ಕೊವಾರ್ಝೊವಿತ್ಸ್ ಒಪ್ಪಿದ, ಆದರೆ ತಾನು ತಿದ್ದಿದ ಮೇಲೆ ಮಾತ್ರ ಆಡಿಸುತ್ತೇನೆ ಎಂದ. ಅಲ್ಲಲ್ಲಿ ಕತ್ತರಿ ಹಾಕಿದ, ವಾದ್ಯಗಳನ್ನು ಬದಲಾಯಿಸಿದ, ಕೊನೆಯ ದೃಶ್ಯದ ಮೇಲೆ ಹಾರ್ನ್, ಟ್ರಂಪೆಟ್‌ಗಳನ್ನು ಪೇರಿಸಿದ. ಯಾನಾಚೆಕ್‌ಗೆ ಆಗ 61 ವರ್ಷ. ಪಾಪ, ಒಪ್ಪಿಕೊಂಡ. ಹೆಸರೂ ಬಂತು. ಮುಂದೆ ಎಷ್ಟೋ ದಶಕ ಜಗತ್ತು ಕೇಳಿದ್ದು ಆ ತಿದ್ದಿದ ಯೆನೂಫಾವನ್ನೇ.

ಟಿರೆಲ್ ಮತ್ತು ವಾದ್ಯವೃಂದ ನಡೆಸುವ ಕಂಡಕ್ಟರ್ ಚಾರ್ಲ್ಸ್ ಮ್ಯಾಕೆರಸ್ ಸೇರಿ ಆ ಪದರವನ್ನು ಬಿಡಿಸಿದರು. ಪ್ರಾಗ್ ಕೈಹಾಕುವ ಮೊದಲಿನ, 1908ರ ಬ್ರನೊ ರೂಪವನ್ನು ಸಂಪಾದಿಸಿ ಕೊಟ್ಟರು. ಈಗ ಕೊನೆಯ ದೃಶ್ಯ ಕೇಳಿದರೆ ಗೊತ್ತಾಗುತ್ತದೆ. ಯೆನೂಫಾ ತನ್ನ ಕೂಸನ್ನು ಕೊಂದ ಮಲತಾಯಿಯನ್ನು ಕ್ಷಮಿಸಿದ್ದಾಳೆ, ತನ್ನ ಕೆನ್ನೆ ಸೀಳಿದ ಲಾಟ್ಸಾನನ್ನು ಒಪ್ಪಿಕೊಳ್ಳುತ್ತಾಳೆ. ಅಲ್ಲಿ ಯಾವ ಜಯಘೋಷವೂ ಬೇಕಿಲ್ಲ. ಸೋತು ಸುಣ್ಣವಾದ ಇಬ್ಬರು ಮನುಷ್ಯರು ಮುಂದೆ ನಡೆಯುತ್ತಾರೆ, ಅಷ್ಟೆ. ನನಗಂತೂ ಈ ಬ್ರನೊ ರೂಪವೇ ಹೆಚ್ಚು ನಿಜ ಅನ್ನಿಸುತ್ತದೆ.

ಆದರೆ ನಾನು ಟಿರೆಲ್ ಅವರನ್ನು ಇಷ್ಟೊಂದು ಹಚ್ಚಿಕೊಂಡಿದ್ದು ಬೇರೆ ಕಾರಣಕ್ಕೆ. 1917ರಲ್ಲಿ ಲುಹಾಚೊವಿಟ್ಸೆ ಎಂಬ ಊರಿನಲ್ಲಿ ಯಾನಾಚೆಕ್‌ಗೆ ಕಮಿಲಾ ಸ್ಟೋಸ್ಲೊವಾ ಸಿಕ್ಕಳು. ಅವಳಿಗೂ ಮದುವೆಯಾಗಿತ್ತು, ವಯಸ್ಸಿನಲ್ಲಿ ಅವನಿಗಿಂತ ಎಷ್ಟೋ ಚಿಕ್ಕವಳು. ಸಾಯುವ ತನಕ 700ಕ್ಕೂ ಹೆಚ್ಚು ಪತ್ರ ಬರೆದ. ಕಾತ್ಯಾ ಕಬಾನೊವಾ ಒಪೆರಾದಲ್ಲೂ ನಾಲ್ಕು ತಂತಿವಾದ್ಯಗಳಿಗೆ ಬರೆದ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲೂ ಅವಳಿದ್ದಾಳೆ. ಆ ಪತ್ರಗಳನ್ನು ಆರಿಸಿ ಟಿರೆಲ್ 1994ರಲ್ಲಿ ಇಂಗ್ಲಿಷಿಗೆ ತಂದರು. ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಿದ್ದರು ಅಲ್ವಾ? ಮುದಿ ಕಲಾವಿದ, ಹೊಸ ಪ್ರೀತಿ, ಅದರಿಂದ ಹುಟ್ಟಿದ ಸಂಗೀತ! ಅವರು ನಿಲ್ಲಿಸಲಿಲ್ಲ. 1998ರಲ್ಲಿ ಯಾನಾಚೆಕ್‌ನ ಹೆಂಡತಿ ಝ್ಡೆಂಕಾಳ ನೆನಪುಗಳನ್ನೂ ಅನುವಾದಿಸಿದರು. 16 ತುಂಬುವ ಮೊದಲೇ ತನ್ನ ಮೇಷ್ಟ್ರನ್ನು ಮದುವೆಯಾದವಳು ಅವಳು. ಎರಡೂವರೆ ವರ್ಷದ ಮಗನನ್ನು ಕಳೆದುಕೊಂಡವಳು. 1903ರಲ್ಲಿ 20 ವರ್ಷದ ಮಗಳು ಓಲ್ಗಾಳನ್ನೂ ಕಳೆದುಕೊಂಡಳು.

ಅದರಲ್ಲಿ ಒಂದು ಕಡೆ ನಾನು ಪುಸ್ತಕ ಕೆಳಗಿಟ್ಟುಬಿಟ್ಟೆ. ಓಲ್ಗಾ ಹಾಸಿಗೆ ಹಿಡಿದಿದ್ದಾಳೆ. ಯೆನೂಫಾ ಆಗಷ್ಟೇ ಮುಗಿಯುತ್ತಿದೆ. ರಂಗದ ಮೇಲೆ ಅದನ್ನು ಕೇಳುವಷ್ಟು ದಿನ ತಾನಿರುವುದಿಲ್ಲ, ಈಗಲೇ ನುಡಿಸು ಎಂದು ಅಪ್ಪನನ್ನು ಕೇಳುತ್ತಾಳೆ. ಅವನು ಪಿಯಾನೊ ಮುಂದೆ ಕೂರುತ್ತಾನೆ. ಝ್ಡೆಂಕಾ ತಡೆಯಲಾಗದೆ ಅಡುಗೆಮನೆಗೆ ಓಡುತ್ತಾಳೆ. ಮಗಳು ಮಾತ್ರ ಕದಲದೆ ಪೂರ್ತಿ ಕೇಳುತ್ತಾಳೆ. ಜನರ ಮಾತಿನ ಏರಿಳಿತವನ್ನು ಸ್ವರದಲ್ಲಿ ಬರೆದಿಡುವುದು ಯಾನಾಚೆಕ್‌ನ ಅಭ್ಯಾಸ. ಮಗಳ ಕೊನೆಯ ಮಾತುಗಳನ್ನೂ ನಿಟ್ಟುಸಿರನ್ನೂ ಹಾಗೆಯೇ ಬರೆದುಕೊಂಡ. ಆ ಮನೆಯ ಅಡುಗೆಮನೆಯಿಂದ ಆ ದಿನ ಹೇಗೆ ಕಂಡಿತು ಎಂಬುದು ನಮಗೆ ಸಿಕ್ಕಿದ್ದು ಝ್ಡೆಂಕಾಳಿಂದ.

ಮೆಚ್ಚಿದ ಕಲಾವಿದನ ವಿರುದ್ಧ ಸಾಕ್ಷಿ ಹೇಳುವವಳನ್ನು ಹುಡುಕಿ, ಅವಳ ಮಾತನ್ನು ಅಷ್ಟೇ ಜೋಪಾನವಾಗಿ ನಮ್ಮ ಮುಂದಿಡುವುದು ಸಣ್ಣ ಮಾತಲ್ಲ ಮಾರಾಯ. ಬರೀ ಅಭಿಮಾನಿಯಾಗಿದ್ದರೆ ಅವರಿಂದ ಇದು ಆಗುತ್ತಿರಲಿಲ್ಲ. ಐದಾರು ವರ್ಷ ಓದಿ ಬೇರೆ ಕಡೆ ಹೊರಳಿದ್ದರೂ ಆಗುತ್ತಿರಲಿಲ್ಲ.

2006 ಮತ್ತು 2007ರಲ್ಲಿ ಬಂದ, ಟಿರೆಲ್ ಬರೆದ ಯಾನಾಚೆಕ್‌ನ ಜೀವನಚರಿತ್ರೆ ಎರಡು ಸಂಪುಟ, ಸುಮಾರು 2000 ಪುಟ. ವರ್ಷದಿಂದ ವರ್ಷಕ್ಕೆ ಸಾಗುತ್ತದೆ. ನಡುನಡುವೆ ಅವನ ಸಂಪಾದನೆ ಎಷ್ಟಿತ್ತು, ಕಾಯಿಲೆ ಏನಿತ್ತು ಎಂಬುದಕ್ಕೂ ಬೇರೆ ಅಧ್ಯಾಯಗಳಿವೆ. ಸುಮ್ನೆ ಗಾತ್ರ ನೋಡಿ ಹೆದರಬೇಡ, ಬೇಕಾದ ವರ್ಷ ತೆರೆದು ಓದಬಹುದು.

ಮೊದಲು ಯೆನೂಫಾ ಕೇಳು. ಮ್ಯಾಕೆರಸ್ ವಿಯೆನ್ನಾ ಫಿಲ್‌ಹಾರ್ಮೊನಿಕ್ ಜೊತೆ ಮಾಡಿದ ರೆಕಾರ್ಡಿಂಗನ್ನೇ ಹುಡುಕು. ಅದಾದ ಮೇಲೆ ಝ್ಡೆಂಕಾಳ ಪುಸ್ತಕ ಓದು, ಪತ್ರಗಳು ಆಮೇಲೆ. ಈ ಕ್ರಮ ತಪ್ಪಿಸಬೇಡ. ಜೀವನಚರಿತ್ರೆಯ ಎರಡೂ ಸಂಪುಟ ನನ್ನ ಹತ್ತಿರ ಇವೆ, ಮನೆಗೆ ಬಂದಾಗ ತೆಗೆದುಕೊಂಡು ಹೋಗು.

ನಿನ್ನ,
ಮೋಹನ