ನಿಮ್ಮಪ್ಪ ಕರ್ಣ ಆದ ದಿನ

ತುಮಕೂರು
ಬಸವ ಜಯಂತಿ ಕಳೆದ ಮೂರನೇ ದಿನ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ‘ಅಪ್ಪನ ನಾಟಕ ಹೇಗಾಯ್ತಮ್ಮ’ ಅಂತ ಕೇಳಿದೆ. ‘ಚೆನ್ನಾಗಾಯ್ತು’ ಅಂತಷ್ಟೇ ಅಂದೆ. ಅವರು ಪಕ್ಕದಲ್ಲೇ ಕೂತಿದ್ದರು, ಇನ್ನೇನು ಹೇಳೋದು? ಈಗ ವಾಕಿಂಗಿಗೆ ಹೋಗಿದ್ದಾರೆ. ಅಮಾನಿಕೆರೆ ಏರಿ ಮೇಲೆ ಸಿಕ್ಕವರಿಗೆಲ್ಲ ಕರ್ಣನ ಡೈಲಾಗ್ ಒಪ್ಪಿಸಿ ಮನೆಗೆ ಬರುವಷ್ಟರಲ್ಲಿ ಹೇಗೂ ಒಂದು ಗಂಟೆ ಆಗುತ್ತದೆ. ಅಷ್ಟರಲ್ಲಿ ಬರೆದು ಮುಗಿಸುತ್ತೇನೆ.

ನಮ್ಮ ಕಡೆ ನಿನಗೆ ಗೊತ್ತಲ್ಲ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಮುಗಿಯಿತೋ ಇಲ್ಲವೋ, ಗಂಡಸರಿಗೆ ನಾಟಕದ ಹುಚ್ಚು ಏರುತ್ತದೆ. ಮಕ್ಕಳಿಗೆ ರಜ, ಹೊಲದಲ್ಲಿ ಕೆಲಸವಿಲ್ಲ, ಮಳೆಗೆ ಇನ್ನೂ ದಿನ ಇದೆ. ಯಾವ ಊರಿಗೆ ಹೋಗು, ಕುರುಕ್ಷೇತ್ರ. ಅದಿಲ್ಲದಿದ್ದರೆ ಶನಿ ಮಹಾತ್ಮೆ. ಈ ಸಲ ನಿಮ್ಮಪ್ಪನ ರಿಟೈರ್ಡ್ ಗೆಳೆಯರೆಲ್ಲ ಸೇರಿ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೇ ಆಡಿಬಿಡೋಣ ಅಂತ ತೀರ್ಮಾನ ಮಾಡಿದರು.

ಪಾತ್ರ ಹಂಚುವುದು ಹೇಗೆ ಗೊತ್ತಾ? ಯಾರಿಗೆ ಕಂಠ ಇದೆ ಅಂತ ಅಲ್ಲ, ಯಾರು ಎಷ್ಟು ಕೊಡುತ್ತಾರೆ ಅಂತ. ದುರ್ಯೋಧನನಿಗೆ ಎಲ್ಲರಿಗಿಂತ ಜಾಸ್ತಿ. ಕೃಷ್ಣ ಆಗಬೇಕು ಅಂತ ಇಬ್ಬರು ಹಟ ಹಿಡಿದರು. ಅದಕ್ಕೇ ಸಂಧಾನದವರೆಗೆ ಒಂದನೇ ಕೃಷ್ಣ, ಆಮೇಲೆ ಎರಡನೇ ಕೃಷ್ಣ. ಒಂದನೆಯವರು ಸಣಕಲು, ಎರಡನೆಯವರಿಗೆ ಹೊಟ್ಟೆ. ನಿಮ್ಮಪ್ಪನಿಗೆ ಕರ್ಣ, 12 ಸಾವಿರ. ಪಿಂಚಣಿ ದುಡ್ಡು. ‘ದಾನಶೂರನ ಪಾತ್ರಕ್ಕೆ ಚೌಕಾಶಿ ಮಾಡಬಾರದು’ ಅಂದರು ಮಹಾನುಭಾವರು. ಆ ದುಡ್ಡೆಲ್ಲ ಹಾಲ್‌ಗೆ, ಸೀನರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವರಿಗೆ, ಆಮೇಲೆ ಹೆಂಗಸರ ಪಾತ್ರ ಮಾಡೋ ಕಲಾವಿದೆಗೆ. ಹೌದು, ಒಬ್ಬಾಕೆಯೇ. ದ್ರೌಪದಿಯೂ ಅವರೇ, ಕುಂತಿಯೂ ಅವರೇ, ರುಕ್ಮಿಣಿಯೂ ಅವರೇ.

ಗಂಡಸರಿಗೆ ಮೂರು ತಿಂಗಳು ಪ್ರಾಕ್ಟೀಸು. ದಿನಾ ಸಂಜೆ ಯಾರದೋ ಮನೆ ಮಹಡಿಯಲ್ಲಿ. ಬೆಳಿಗ್ಗೆ ನಮ್ಮ ಬಚ್ಚಲುಮನೆಯಲ್ಲಿ. ‘ಅರ್ಜುನಾ!’ ಅಂತ ಒಳಗಿಂದ ಕೂಗಿದರೆ ಎದುರು ಮನೆ ಅರ್ಜುನ ಪಾಪ ‘ಏನ್ ಅಂಕಲ್’ ಅಂತ ಓಡಿ ಬರುತ್ತಿದ್ದ.

ಕರಪತ್ರ ಹೊಡೆಸಿದರು. ಮೇಲೆ ಅತಿಥಿಗಳ ಸಾಲು, ಕೆಳಗೆ ಪಾತ್ರಧಾರಿಗಳ ಬಣ್ಣದ ಫೋಟೊ. ಸಾರಥಿ ಪಾತ್ರದವನ ಫೋಟೊ ಕೂಡ ಇದೆ, ಅವನಿಗೆ ಎರಡೇ ಮಾತು. ಮೂರು ಪಾತ್ರ ಮಾಡೋ ಆ ತಾಯಿಯ ಫೋಟೊ ಎಲ್ಲಿ ಅಂತ ನೋಡಿದೆ. ತೀರಾ ಕೆಳಗೆ, ಸೀನರಿಯವರ ಹೆಸರಿನ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ ಹೆಸರು ಹಾಕಿದ್ದರು.

ಕರಪತ್ರದಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಂತಿತ್ತು. ಶುರುವಾಗಿದ್ದು ಮಧ್ಯಾಹ್ನ ಎರಡಕ್ಕೆ. ಅಲ್ಲಿವರೆಗೂ ಭಾಷಣ. ಗುಬ್ಬಿ ವೀರಣ್ಣನವರ ಹೆಸರಿನ ಜಾಗ ಅಲ್ವಾ, ಎಲ್ಲರೂ ಅಲ್ಲಿಂದಲೇ ಎತ್ತಿಕೊಂಡರು. ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. 1934ರ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದು. ರಾಜ್‌ಕುಮಾರ್ ಬೆಳೆದಿದ್ದು ಆ ಕಂಪನಿಯಲ್ಲಿ, ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಬಂದು ಸೇರಿದ್ದೂ ಅಲ್ಲಿಗೇ. ಎಲ್ಲ ನಿಜ, ಕೇಳೋಕೆ ಹೆಮ್ಮೆಯೂ ಆಗುತ್ತದೆ. ಆದರೆ ನಾಲ್ಕು ಜನ ಮಾತಾಡಿದರಲ್ಲ, ನಾಲ್ಕೂ ಜನ ಆನೆ ಹೆಸರು ಹೇಳಿದರು, ಸುಂದರಮ್ಮನ ಹೆಸರು ಹೇಳಲಿಲ್ಲ. ಬಿ. ಜಯಮ್ಮನ ಹೆಸರೂ ಇಲ್ಲ. ಗಂಡಸರೇ ಸೀರೆ ಉಟ್ಟು ಹೆಣ್ಣಾಗುತ್ತಿದ್ದ ಕಾಲದಲ್ಲಿ ಆ ಕಂಪನಿಯ ರಂಗದ ಮೇಲೆ ಬಂದು ನಿಂತವರು ಅವರು. ನಮ್ಮಜ್ಜಿ ಜಯಮ್ಮನ ಹಾಡು ಅಂದರೆ ಒಲೆ ಮೇಲಿನ ಹಾಲು ಮರೆಯುತ್ತಿದ್ದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರನ್ನು ಒಬ್ಬರು ನೆನೆದರು. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ.

ನಾನು ನಿಮ್ಮಪ್ಪನ ಬಿ.ಪಿ. ಮಾತ್ರೆ, ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಗ್ರೀನ್ ರೂಮಿಗೆ ಹೋದೆ. ಅಲ್ಲಿ ಕಾಲಿಡೋಕೆ ಜಾಗ ಇಲ್ಲ. ಭೀಮ ಬಾಯಿ ತೆರೆಯದೆ ಕೂತಿದ್ದಾನೆ, ಮೀಸೆ ಅಂಟು ಇನ್ನೂ ಒಣಗಿಲ್ಲ. ಶಕುನಿ ಸೆಲ್ಫಿ ತಗೊಳ್ತಿದ್ದಾನೆ. ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಆಕೆ ಗೋಡೆಗೆ ತಲೆ ಆನಿಸಿ ಕೂತಲ್ಲೇ ನಿದ್ದೆ ಮಾಡುತ್ತಿದ್ದರು. ಮುಖಕ್ಕೆ ಬಣ್ಣ ಆಗಿತ್ತು. ತೊಡೆ ಮೇಲೆ ಅರ್ಧ ತಿಂದ ಚಿತ್ರಾನ್ನದ ಡಬ್ಬಿ. ಹಿಂದಿನ ರಾತ್ರಿ ಶಿರಾ ಕಡೆ ಒಂದು ಹಳ್ಳಿಯಲ್ಲಿ ಬೆಳಗಿನ ತನಕ ನಾಟಕವಂತೆ. ಅಲ್ಲಿಂದ ನೇರ ಬಸ್ಸು ಹತ್ತಿ ಬಂದಿದ್ದಾರೆ. ಎಚ್ಚರ ಆದಾಗ ಕಾಫಿ ಕೊಟ್ಟೆ. ‘ಪ್ರಾಕ್ಟೀಸಿಗೆ ಬಂದಿದ್ರಾ?’ ಅಂತ ಕೇಳಿದೆ. ನಕ್ಕರು. ‘ಇಲ್ಲ ಅಕ್ಕ, ಈಗಲೇ ಮೊದಲು ನೋಡ್ತಿರೋದು ಇವರನ್ನೆಲ್ಲ. ಕರ್ಣ ಯಾರು?’ ಅಂದರು. ನಮ್ಮೆಜಮಾನರೇ ಅಂದೆ. ಒಂದು ಸಲ ತಿರುಗಿ ನೋಡಿ, ‘ಮಾತ್ರೆ ತಗೊಂಡ್ರಾ ಕೇಳಿ ಅಕ್ಕ’ ಅಂದರು. ಆಮೇಲೆ ಸೀರೆಗೆ ಬೆನ್ನ ಹಿಂದೆ ಪಿನ್ ಹಾಕಿಕೊಡಿ ಅಂತ ತಿರುಗಿ ನಿಂತರು. ಬೆನ್ನ ಮೇಲೆಲ್ಲ ಬೆವರುಗುಳ್ಳೆ. ಸೀರೆ, ಸರ, ಜಡೆ, ಎಲ್ಲ ಅವರದೇ. ಮಳೆ ಹಿಡಿದರೆ ಕೆಲಸ ಇಲ್ಲವಂತೆ. ಈ ಮೂರ್ನಾಲ್ಕು ತಿಂಗಳ ದುಡಿಮೆಯಲ್ಲೇ ವರ್ಷ ತಳ್ಳಬೇಕು, ಮಗನ ಕಾಲೇಜು ಫೀಜೂ ಕಟ್ಟಬೇಕು.

ಈಗ ಕೇಳು, ನಾನು ಫೋನಿನಲ್ಲಿ ಹೇಳದೆ ಬಿಟ್ಟ ಭಾಗ.

ರಾತ್ರಿ ಒಂಬತ್ತರ ಹೊತ್ತಿಗೆ ಹೊಳೆ ದಡದ ಪರದೆ ಇಳಿಯಿತು. ಕರ್ಣ ಸೂರ್ಯನಿಗೆ ಕೈ ಮುಗಿದು ನಿಂತಿದ್ದಾನೆ. ಕುಂತಿ ಬಂದು ‘ಕಂದಾ’ ಅಂದಳು. ನಿಮ್ಮಪ್ಪನಿಗೆ 62, ಆಕೆಗೆ ಹೆಚ್ಚೆಂದರೆ 40. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎರಡನೇ ಸಲ ‘ಕಂದಾ’ ಅಂದಾಗ ಯಾರೂ ನಗಲಿಲ್ಲ. ನಿಮ್ಮಪ್ಪ ಒಂದು ಕಂದಪದ್ಯ ಚೆನ್ನಾಗಿಯೇ ಹಾಡಿದರು. ಆಮೇಲೆ ಮಾತು ಶುರು ಮಾಡಬೇಕು, ಬಾಯಿ ತೆರೆದರು, ತೆರೆದಿದ್ದು ತೆರೆದ ಹಾಗೇ. ಮರೆತುಬಿಟ್ಟರು, ಪುಟ್ಟಿ. ಮೇಷ್ಟ್ರು ಸುಮ್ನೆ ಶ್ರುತಿ ಎಳೆಯುತ್ತಾ ಇದ್ದಾರೆ. ಪರದೆ ಪಕ್ಕ ಪುಸ್ತಕ ಹಿಡಿದು ನಿಂತ ಹುಡುಗ ಫೋನ್ ನೋಡುತ್ತಿದ್ದಾನೆ. ನನಗೆ ಕೂತಲ್ಲೇ ಕೈಕಾಲು ತಣ್ಣಗಾಯಿತು.

ಆಕೆ ಎರಡು ಹೆಜ್ಜೆ ಮುಂದೆ ಬಂದು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ, ‘ಯಾಕೆ ಸುಮ್ಮನಾದೆ ಕಂದಾ? ಹುಟ್ಟಿದ ದಿನವೇ ಹೊಳೆಯಲ್ಲಿ ತೇಲಿಬಿಟ್ಟವಳು ಇವತ್ತು ಯಾವ ಮುಖ ಹೊತ್ತು ಬಂದೆ ಎಂದು ಕೇಳಬೇಕೆಂದಿದ್ದೀಯೆ ಅಲ್ಲವೇ? ಕೇಳು, ಕೇಳಿಬಿಡು’ ಅಂದರು. ಅಳುವಿನ ನಡುವೆಯೇ, ರಾಗ ಒಂದಿಷ್ಟೂ ತಪ್ಪದೆ. ನಿಮ್ಮಪ್ಪನಿಗೆ ದಾರಿ ಸಿಕ್ಕಿತು. ‘ಹೌದು ತಾಯೀ! ಯಾವ ಮುಖ ಹೊತ್ತು ಬಂದೆ!’ ಅಂತ ಗುಡುಗಿದರು. ಹಾಲ್‌ನಲ್ಲಿ ಒಂದೇ ಚಪ್ಪಾಳೆ, ಶಿಳ್ಳೆ. ಅವರ ಆಫೀಸಿನ ಹಳೇ ಸ್ನೇಹಿತರು ಸ್ಟೇಜ್ ಹತ್ತಿ ಹಾರ ಹಾಕಿದರು, ಶಾಲು ಹೊದಿಸಿದರು, ಎದೆಗೆ ಐನೂರರ ನೋಟು ಪಿನ್ ಮಾಡಿದರು, ಫೋಟೊ ತೆಗೆಸಿಕೊಂಡರು. ಅಷ್ಟು ಹೊತ್ತೂ ಕುಂತಿ ಪಕ್ಕಕ್ಕೆ ಸರಿದು ಕೈ ಕಟ್ಟಿ ನಿಂತಿದ್ದಳು. ಅವರು ಇಳಿದ ಮೇಲೆ ಬಿಟ್ಟಲ್ಲಿಂದಲೇ ಮತ್ತೆ ಅಳು ಶುರು ಮಾಡಿದಳು.

ಮುಗಿದಾಗ ಹನ್ನೊಂದೂವರೆ. ಆಕೆ ಬಣ್ಣ ಒರೆಸಿಕೊಂಡು ಬ್ಯಾಗ್ ಕಟ್ಟಿ ಬಸ್ ಸ್ಟ್ಯಾಂಡಿಗೆ ಹೊರಟಿದ್ದರು. ಬೆಳಿಗ್ಗೆ ಐದರ ಬಸ್ಸಿನ ತನಕ ಅಲ್ಲೇ ಬೆಂಚಿನ ಮೇಲೆ ಕೂರುತ್ತಾರಂತೆ, ಅಭ್ಯಾಸವಂತೆ. ನಾನು ಬಿಡಲಿಲ್ಲ. ಆಟೋದಲ್ಲಿ ಕರ್ಣ, ಕುಂತಿ, ನಾನು, ಮೂವರೂ ಮನೆಗೆ ಬಂದೆವು. ಇದ್ದ ಅನ್ನಕ್ಕೆ ಮೊಸರು ಕಲೆಸಿ ಕೊಟ್ಟೆ. ನಿನ್ನ ರೂಮಿನಲ್ಲಿ ನಿನ್ನ ಮಂಚದ ಮೇಲೇ ಮಲಗಿದರು, ನೀನು ಬೇಜಾರು ಮಾಡಿಕೊಳ್ಳಲ್ಲ ಅಂತ ಗೊತ್ತು. ನಾಲ್ಕೂವರೆಗೆ ನಾನು ಎದ್ದಾಗ ಹಾಸಿಗೆ ಮಡಚಿಟ್ಟು, ತಲೆ ಬಾಚಿಕೊಂಡು ರೆಡಿಯಾಗಿದ್ದರು. ಆ ದಿನ ಮಧುಗಿರಿ ಕಡೆ ಇನ್ನೊಂದು ಕುರುಕ್ಷೇತ್ರ.

ಬೆಳಿಗ್ಗೆ ನಿಮ್ಮಪ್ಪನಿಗೆ ‘ಮಾತು ಮರೆತಿರಲ್ಲ’ ಅಂದೆ. ‘ಮರೆತಿದ್ದಲ್ಲ, ಗ್ಯಾಪ್ ಕೊಟ್ಟಿದ್ದು’ ಅಂದರು.

ನನ್ನದೂ ಒಂದು ಕಥೆ ಇದೆ, ಬೇಗ ಹೇಳಿಬಿಡ್ತೀನಿ. ಯುಗಾದಿ ಕವಿಗೋಷ್ಠಿಗೆ ನನ್ನನ್ನೂ ಕರೆದಿದ್ದರು. ಅಧ್ಯಕ್ಷರು ಬಿಎಂಶ್ರೀ ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ್ದು ಅಂತ ಶುರು ಮಾಡಿ ಮುಕ್ಕಾಲು ಗಂಟೆ ತಗೊಂಡರು. ಅವರು ಹುಟ್ಟಿದ್ದೂ 1884ರಲ್ಲೇ, ಗುಬ್ಬಿ ಕಂಪನಿ ಹುಟ್ಟಿದ ವರ್ಷ. ಅದು ನನಗೆ ಈಗ ಬರೆಯುವಾಗ ಹೊಳೆಯಿತು ನೋಡು. ಆಮೇಲೆ 38 ಕವಿಗಳು, ತಲಾ ಮೂರು ನಿಮಿಷ. ಓದಿದವರು ಓದಿದ ಹಾಗೆ ಸರ್ಟಿಫಿಕೇಟು ಇಸಕೊಂಡು ಎದ್ದು ಹೋಗುತ್ತಾರೆ. ನಡುವೆ ಒಬ್ಬ ಹುಡುಗ ತನ್ನ ಪದ್ಯ ಬಿಟ್ಟು ನಮ್ಮ ತುಮಕೂರಿನ ಕವಿ ಕೆ.ಬಿ. ಸಿದ್ದಯ್ಯನವರ ಸಾಲುಗಳನ್ನು ಪುಸ್ತಕ ನೋಡದೆ ಹೇಳಿದ. ಹಾಲ್ ಪೂರ್ತಿ ಸುಮ್ಮನಾಯಿತು. ಅದೊಂದೇ ನೆನಪಿರೋದು. ನನ್ನ ನಂಬರು 36. ನಾನು ಓದುವಾಗ ಎದುರಿಗೆ ಇದ್ದವರು ಇನ್ನಿಬ್ಬರು ಕವಿಗಳು ಮತ್ತು ಕುರ್ಚಿ ಎತ್ತೋಕೆ ಬಂದ ಹುಡುಗರು. ಅದರಲ್ಲಿ ಒಬ್ಬ ಚೆನ್ನಾಗಿದೆ ಆಂಟಿ ಅಂದ.

ನಿಮ್ಮಣ್ಣನ ಮಗ ಬೇಸಿಗೆ ಶಿಬಿರದಲ್ಲಿ ನಾಟಕ ಕಲಿಯುತ್ತಿದ್ದಾನೆ. ಮರದ ಪಾತ್ರವಂತೆ. ಮನೆಯಲ್ಲೂ ಕೈ ಎತ್ತಿಕೊಂಡೇ ನಿಲ್ಲುತ್ತಾನೆ. ಈ ತಿಂಗಳ ಕೊನೇ ಭಾನುವಾರ ಪ್ರದರ್ಶನ. ಪುಣೆಯಿಂದ ಆ ಹೊತ್ತಿಗೆ ಬರೋಕಾಗುತ್ತಾ ನೋಡು. ಹಲಸಿನ ಹಣ್ಣೂ ಬಂದಿರುತ್ತದೆ.

ಗೇಟಿನ ಸದ್ದು ಆಯಿತು, ನಿಲ್ಲಿಸುತ್ತೇನೆ. ಒಂದು ಮುಖ್ಯ ವಿಷಯ. ಮುಂದಿನ ವರ್ಷ ದುರ್ಯೋಧನ ಮಾಡಬೇಕು ಅಂತ ನಿಮ್ಮಪ್ಪನಿಗೆ ಆಸೆ ಹುಟ್ಟಿದೆ. ನನ್ನ ಹತ್ತಿರ ದುಡ್ಡು ಕೇಳೋ ಧೈರ್ಯ ಇಲ್ಲ, ನಿನಗೇ ಫೋನ್ ಮಾಡುತ್ತಾರೆ. ಕೊಡು, ಬೇಡ ಅನ್ನಲ್ಲ. ಆದರೆ ಕರಪತ್ರದಲ್ಲಿ ಆಕೆಯ ಫೋಟೊ ಮೇಲಿನ ಸಾಲಿನಲ್ಲಿ ಹಾಕಿಸಿದರೆ ಮಾತ್ರ ಅಂತ ಮೊದಲೇ ಹೇಳಿ ಆಮೇಲೆ ಕೊಡು.

ನಿನ್ನ
ಅಮ್ಮ