ಹಳೆಯ ಪೋರ್ಷೆಯ ಪರವಾಗಿ ಒಂದು ತಕರಾರು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ವಾಹನ ಪುಟದಲ್ಲಿ ಹಳೆಯ ಮತ್ತು ಹೊಸ ಪೋರ್ಷೆ 911 ಕಾರುಗಳನ್ನು ಹೋಲಿಸಿದ ಲೇಖನ ಓದಿದೆ. ಅಶ್ವಶಕ್ತಿ, ನೂರು ಕಿ.ಮೀ. ವೇಗ ಮುಟ್ಟಲು ಬೇಕಾದ ಸೆಕೆಂಡು, ಪರದೆಯ ಅಗಲ ಎಲ್ಲಕ್ಕೂ ಕೋಷ್ಟಕ ಹಾಕಿ, ಕೊನೆಗೆ ಹಣವಿದ್ದವರು ಹೊಸದನ್ನೇ ಕೊಳ್ಳಲಿ ಎಂದು ಷರಾ ಬರೆದಿದ್ದೀರಿ. ಆ ಷರಾದ ಮೇಲೆ ನನ್ನ ತಕರಾರಿದೆ.

ಎರಡು ಕೋಟಿಯ ಕಾರಿನ ವಿಚಾರದಲ್ಲಿ ಪಿಂಚಣಿದಾರನಿಗೇನು ಕೆಲಸ ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ತನ್ನ ಕಂಪನಿಯ ಷೇರು ಮಾರಿ ಹಣ ಕೈಯಲ್ಲಿಟ್ಟುಕೊಂಡು ಕೂತಿದ್ದಾನೆ. "ಮಾವ, ನೀವು ಬಂದು ನೋಡುವ ತನಕ ನಾನು ಯಾರಿಗೂ ಮುಂಗಡ ಕೊಡುವುದಿಲ್ಲ" ಎಂದು ಹಟ ಹಿಡಿದ. ಬೇರಿಂಗ್ ತಯಾರಿಸುವ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಎರಡು ಮೈಕ್ರಾನ್ ಹೆಚ್ಚಾದರೆ ಮಾಲು ವಾಪಸು ಕಳಿಸುತ್ತಿದ್ದವನಿಗೆ ಇಂಥ ಕರೆ ಬಂದರೆ ಬಿಡಲಾದೀತೇ?

ಅವನ ಮುಂದಿದ್ದದ್ದು ಎರಡು ಕಾರು. ಒಂದು, ಜಯನಗರದ ವೈದ್ಯರೊಬ್ಬರ ಬಳಿಯಿರುವ 2010ರ 911 ಕರೇರಾ ಎಸ್, ಕೈಯಲ್ಲಿ ಗೇರ್ ಹಾಕುವಂಥದ್ದು. ಕಂಪನಿಯ ಒಳಲೆಕ್ಕದಲ್ಲಿ 997 ಎನ್ನುವ ಪೀಳಿಗೆಯ ಎರಡನೆಯ ಹಂತದ ಗಾಡಿ. ಇನ್ನೊಂದು, ಷೋರೂಮಿನಿಂದ ನೇರವಾಗಿ ಬರುವ ಈಗಿನ 911 ಕರೇರಾ, ಅಂದರೆ 992 ಪೀಳಿಗೆಯ ಎರಡನೆಯ ಹಂತದ್ದು. 2024ರಲ್ಲಿ ಇದು ಭಾರತಕ್ಕೆ ಬಂದಾಗ ಷೋರೂಮ್ ಬೆಲೆ 1.99 ಕೋಟಿ ರೂಪಾಯಿ ಇತ್ತು. ವೈದ್ಯರು ಕೇಳುತ್ತಿರುವುದು ಅದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ.

ಮೊದಲು ನಿಮ್ಮ ಪ್ರೀತಿಯ ಅಂಕಿಗಳನ್ನೇ ನೋಡೋಣ. ಹಳೆಯದರ ಅಶ್ವಶಕ್ತಿ 385, ಹೊಸದರದ್ದು 394. ಹಳೆಯದರ ಗರಿಷ್ಠ ವೇಗ ಗಂಟೆಗೆ 302 ಕಿ.ಮೀ., ಹೊಸದರದ್ದು 294. ನೂರು ಮುಟ್ಟಲು ಹಳೆಯದಕ್ಕೆ 4.7 ಸೆಕೆಂಡು, ಹೊಸದಕ್ಕೆ 4.1. ಜಯನಗರದಿಂದ ಮಾರತ್ತಹಳ್ಳಿಗೆ ಕಚೇರಿಗೆ ಹೋಗುವವನು ಉಳಿದ ಈ ಅರ್ಧ ಸೆಕೆಂಡನ್ನು ಯಾವ ಸಿಗ್ನಲ್ಲಿನಲ್ಲಿ ಖರ್ಚು ಮಾಡಬೇಕು? ಹಳೆಯದು ಸುಮಾರು ನೂರು ಕೆ.ಜಿ. ಹಗುರ, ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಕಿರಿದು, ಉದ್ದದಲ್ಲೂ ಒಂದು ಗೇಣು ಅಲ್ಲದಿದ್ದರೂ ಒಂದು ಮುಷ್ಟಿಯಷ್ಟು ಗಿಡ್ಡ. ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಿದವರಿಗೆ ಆ ನಾಲ್ಕು ಸೆಂಟಿಮೀಟರಿನ ಬೆಲೆ ಗೊತ್ತು. ನಿಮ್ಮ ಕೋಷ್ಟಕದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.

ಸ್ಟಿಯರಿಂಗಿನ ಮಾತಂತೂ ಕೋಷ್ಟಕಕ್ಕೆ ಸಿಗುವಂಥದ್ದೇ ಅಲ್ಲ. 997ರವರೆಗೆ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟಿಯರಿಂಗ್ ಇತ್ತು. ಅದರ ನಂತರದ 991ರಿಂದ ವಿದ್ಯುತ್ ಮೋಟಾರು ಬಂತು. ಹೊಸದು ನಿಖರ, ಹಗುರ, ನಾನು ಅಲ್ಲಗಳೆಯುವುದಿಲ್ಲ. ಆದರೆ ವೈದ್ಯರ ಕಾರನ್ನು ಕನಕಪುರ ರಸ್ತೆಯಲ್ಲಿ ಓಡಿಸಿದಾಗ ಡಾಂಬರು ಎಲ್ಲಿ ಮುಗಿದು ತೇಪೆ ಎಲ್ಲಿ ಶುರುವಾಯಿತು ಎಂಬುದು ಅಂಗೈಗೆ ತಿಳಿಯುತ್ತಿತ್ತು. ಇಂಥ ಕಾರಿಗೆ ಇಷ್ಟು ಹಣ ಸುರಿಯುವುದು ಆ ಸುಖಕ್ಕಾಗಿಯೇ ಅಲ್ಲವೇ? ತಣ್ಣಗೆ ಕುಳಿತು ಊರು ಸೇರಬೇಕಾದವರಿಗೆ ಇದರ ಕಾಲು ಬೆಲೆಗೆ ಬೇಕಾದಷ್ಟು ಕಾರುಗಳಿವೆ.

ಆದರೆ 'ಹಳೆಯದು' ಎಂದು ಸಾರಾಸಗಟಾಗಿ ಹೇಳಿದರೆ ಓದುಗರು ಹಳ್ಳಕ್ಕೆ ಬೀಳುತ್ತಾರೆ. ನಿಮ್ಮ ಲೇಖನ 1998ರ ಕಾರನ್ನೂ 2012ರ ಕಾರನ್ನೂ ಒಂದೇ ಗೋಣಿಗೆ ತುಂಬಿದೆ. 911ರಲ್ಲಿ ಗಾಳಿಯಿಂದ ತಂಪಾಗುವ ಎಂಜಿನ್ ಹೋಗಿ ನೀರಿನಿಂದ ತಂಪಾಗುವ ಎಂಜಿನ್ ಬಂದದ್ದು 997ಕ್ಕಿಂತ ಹಿಂದಿನ 996 ಪೀಳಿಗೆಯಲ್ಲಿ. ಆ ಎಂಜಿನ್ನಿನೊಳಗೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನಿಂದ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟುಗಳಿಗೆ ಚಾಲನೆ ದಾಟಿಸುವ ಮಧ್ಯದ ಶಾಫ್ಟ್ ಒಂದಿದೆ. ಅದರ ಒಂದು ತುದಿಯನ್ನು ಹೊತ್ತಿರುವುದು ಸೀಲ್ ಮಾಡಿದ ಗುಂಡು ಬೇರಿಂಗ್. ನನ್ನ ವೃತ್ತಿಯ ವಸ್ತು, ಹಾಗಾಗಿ ಸ್ವಲ್ಪ ಲಂಬಿಸುತ್ತೇನೆ, ಕ್ಷಮಿಸಿ. ಸೀಲ್ ಮಾಡಿದ ಬೇರಿಂಗಿನಲ್ಲಿ ಗ್ರೀಸು ಒಳಗೇ ಇರುತ್ತದೆ. ಬಿಸಿ ಎಂಜಿನ್ ಆಯಿಲಿನಲ್ಲಿ ಸದಾ ತೋಯುವ ಸೀಲ್ ಕ್ರಮೇಣ ಸೋಲುತ್ತದೆ. ಒಳಗಿನ ಗ್ರೀಸು ತೊಳೆದು ಹೋಗುತ್ತದೆ, ಆದರೆ ಅದರ ಜಾಗಕ್ಕೆ ತಾಜಾ ಆಯಿಲ್ ಸರಿಯಾಗಿ ಹರಿದು ಬರುವುದಿಲ್ಲ. ಗುಂಡುಗಳ ಮೇಲ್ಮೈ ಚಕ್ಕೆ ಏಳುತ್ತದೆ, ಶಾಫ್ಟ್ ಓಲಾಡುತ್ತದೆ, ಕ್ಯಾಮಿನ ಟೈಮಿಂಗ್ ತಪ್ಪಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಅಲ್ಲಿಗೆ ಎಂಜಿನ್ ಮುಗಿಯಿತು. ಅಮೆರಿಕದಲ್ಲಿ 2001ರಿಂದ 2005ರ ನಡುವಿನ ಕಾರುಗಳ ಮಾಲೀಕರು ಈ ಬೇರಿಂಗಿಗಾಗಿ ನ್ಯಾಯಾಲಯಕ್ಕೆ ಹೋಗಿ, ಕಂಪನಿ ರಾಜಿ ಮಾಡಿಕೊಳ್ಳಬೇಕಾಯಿತು. ಮೊದಲ ಹಂತದ ಬಹುತೇಕ 997ಗಳಿಗೆ ದೊಡ್ಡ ಬೇರಿಂಗ್ ಹಾಕಿದರು, ದೂರು ಬಹಳ ಕಡಿಮೆಯಾಯಿತು, ಆದರೆ ಎಂಜಿನ್ ಬಿಚ್ಚಿ ಎರಡು ಹೋಳು ಮಾಡದೆ ಅದನ್ನು ಬದಲಿಸುವಂತಿಲ್ಲ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಇದೊಂದು ಕಾರಣಕ್ಕೆ 2010ರ ಕಾರನ್ನು ನೋಡಲು ನಾನು ರೈಲು ಹತ್ತಿದೆ. 2004ರದ್ದಾಗಿದ್ದರೆ ಫೋನಿನಲ್ಲೇ ಬೇಡ ಎನ್ನುತ್ತಿದ್ದೆ.

ಹಾಗೆಂದು ಇಸವಿ ನೋಡಿ ಮುಂಗಡ ಕೊಡುವಂತಿಲ್ಲ. ಈ ಕಾರಿನ ಎಂಜಿನ್ ಹಿಂದಿದ್ದರೂ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ. ಬಗ್ಗಿ ಟಾರ್ಚ್ ಬಿಟ್ಟೆ. ಬಲಗಡೆ ಹಿಡಿಯಷ್ಟು ಹೊಂಗೆ ಎಲೆ ಕೊಳೆತು, ಎ.ಸಿ. ಕಂಡೆನ್ಸರಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಬೂಷ್ಟಿನಂತೆ ತುಕ್ಕು ಕೂತಿತ್ತು. ಕಾರು ಮರದ ನೆರಳಿನಲ್ಲಿ ನಿಂತದ್ದೇ ಹೆಚ್ಚು ಎಂದು ಅದು ಹೇಳುತ್ತಿತ್ತು. ಟೈರಿನ ಪಕ್ಕೆಯ ಮೇಲೆ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ ಇರುತ್ತದೆ. ಮೇಲಿನ ಗೀರುಗಳು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗಿತ್ತು. ಕಂಡೆನ್ಸರ್, ನಾಲ್ಕು ಟೈರು ಎರಡನ್ನೂ ಬೆಲೆಯಲ್ಲಿ ಕಳೆಯಲು ವೈದ್ಯರು ಒಪ್ಪಿದರು. ಸಜ್ಜನರು, ಕಾಫಿಯನ್ನೂ ಕೊಟ್ಟರು.

ಇನ್ನು ಎಂಜಿನ್ನಿನ ಕಂಪ್ಯೂಟರು. ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ, ಎಷ್ಟು ಸಲ ಮಿತಿ ಮೀರಿ ತಿರುಗಿದೆ ಎಂಬುದನ್ನು ಅದು ಆರು ಹಂತಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಮಿತಿ ಮುಟ್ಟಿದೊಡನೆ ಇಂಧನ ನಿಲ್ಲುವುದರಿಂದ ಮೇಲಿನ ಹಂತಗಳಿಗೆ ಹೋಗುವುದು ಒಂದೇ ದಾರಿಯಲ್ಲಿ. ಐದನೆಯ ಗೇರಿನಿಂದ ನಾಲ್ಕಕ್ಕೆ ಬರಬೇಕಾದವನು ಅವಸರದಲ್ಲಿ ಎರಡಕ್ಕೆ ಹಾಕಿರಬೇಕು. ವೈದ್ಯರ ಕಾರಿನಲ್ಲಿ ಮೇಲಿನ ಹಂತಗಳೆಲ್ಲ ಸೊನ್ನೆ. ಓಡಿದ ಕಿಲೊಮೀಟರನ್ನು ಗಂಟೆಗಳಿಂದ ಭಾಗಿಸಿದರೆ ಸರಾಸರಿ ವೇಗ ಇಪ್ಪತ್ತೈದರ ಆಸುಪಾಸು, ನಂಬುವಂಥದ್ದು. ಅದೇ ದಿನ ಹಳೆಯ ಕಾರು ಮಾರುವ ಮಳಿಗೆಯೊಂದರಲ್ಲಿ, ಹೆಸರು ಬೇಡ, ಹೊರರಾಜ್ಯದ ನಂಬರಿನ ಇನ್ನೊಂದು 911 ತೋರಿಸಿದರು. ಮೀಟರಿನಲ್ಲಿ 21,000 ಕಿ.ಮೀ., ಕಂಪ್ಯೂಟರಿನಲ್ಲಿ 2,300 ಗಂಟೆ. ಗಂಟೆಗೆ ಒಂಬತ್ತು ಕಿ.ಮೀ. ಆಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಸಂಸಾರ ಹೂಡಿದರೂ ಅಷ್ಟು ನಿಧಾನ ಸಾಧ್ಯವಿಲ್ಲ; ಮೀಟರನ್ನು ಹಿಂದಕ್ಕೆ ತಿರುಗಿಸಿರಬೇಕು. ಕೇಳಿದರೆ ಮಾರಾಟದ ಹುಡುಗ "ಸರ್, ಅವರು ಎ.ಸಿ. ಹಾಕಿಕೊಂಡು ಕೂತಿರುತ್ತಿದ್ದರು" ಎಂದ.

ಹೊರರಾಜ್ಯದ ನಂಬರಿನ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. 1.99 ಕೋಟಿಯ ಕಾರಿಗೆ ತೆರಿಗೆಯೇ 35 ಲಕ್ಷ ದಾಟುತ್ತದೆ. ಅದನ್ನು ತಪ್ಪಿಸಲು ಬೇರೆ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವವರ ಮೇಲೆ 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ದಾಳಿ ಮಾಡಿ ಫೆರಾರಿ, ಪೋರ್ಷೆ ಸೇರಿ 30 ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ ಒಂದು ಫೆರಾರಿಯಿಂದಲೇ 1.42 ಕೋಟಿ ವಸೂಲಾಯಿತು. ಅಗ್ಗವೆಂದು ಅಂಥ ಕಾರು ಕೊಂಡವನಿಗೆ ಬಾಕಿಯೂ ಉಡುಗೊರೆಯಾಗಿ ಬರುತ್ತದೆ. ವೈದ್ಯರದ್ದು ಮೊದಲಿನಿಂದಲೂ ಕೆಎ ನಂಬರು. ಆದರೆ 15 ವರ್ಷ ತುಂಬಿದೆ, ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. ವಿದೇಶಿ ಕಾರಿಗೆ ಈ ಶುಲ್ಕ 2022ರ ಏಪ್ರಿಲಿನಿಂದ 40,000 ರೂಪಾಯಿ. 20 ವರ್ಷ ದಾಟಿದರೆ ಇನ್ನೂ ದುಬಾರಿ. ನವೀಕರಣವಾಗದ ಕಾರಿಗೆ ಒಂದು ಪೈಸೆಯನ್ನೂ ಕೊಡಬೇಡ ಎಂದು ಅಳಿಯನಿಗೆ ತಾಕೀತು ಮಾಡಿದ್ದೇನೆ.

ಹೊಸ ಕಾರಿಗೆ ಸಲ್ಲಬೇಕಾದದ್ದು ಸಲ್ಲಲಿ. ಅದರ ಮುಂಚಕ್ರದ ಗೂಡಿನಲ್ಲಿರುವ ಸಂವೇದಕ ನೀರು ಚಿಮ್ಮುವ ಸದ್ದನ್ನೇ ಕೇಳಿ ರಸ್ತೆ ಒದ್ದೆಯಾಗಿದೆ ಎಂದು ಎಚ್ಚರಿಸುತ್ತದೆ. ಆಷಾಢದ ಚಾರ್ಮಾಡಿ ಘಾಟಿಯಲ್ಲಿ ಅದು ದೊಡ್ಡ ಉಪಕಾರ. ಹೆಚ್ಚುವರಿ ಹಣ ಕೊಟ್ಟರೆ ರಸ್ತೆ ಉಬ್ಬಿನ ಮುಂದೆ ಮೂತಿ ಎತ್ತುವ ವ್ಯವಸ್ಥೆಯೂ ಸಿಗುತ್ತದೆ. ವೈದ್ಯರ ಕಾರನ್ನು ಉಬ್ಬಿನ ಮೇಲೆ ಓರೆಯಾಗಿ ಹತ್ತಿಸಬೇಕು, ಹಿಂದಿನವರು ಹಾರನ್ ಬಾರಿಸಿದರೆ ಬಾರಿಸಲಿ. ಪೆಟ್ರೋಲಿನಲ್ಲೂ ಹಳೆಯದಕ್ಕೆ ಕಷ್ಟವಿದೆ. ಅದು ಶೇ 10ರಷ್ಟು ಎಥೆನಾಲಿನವರೆಗೆ ತಾಳುವ ಕಾಲದ್ದು, ಬಂಕಿನಲ್ಲಿ ಈಗ ಸಿಗುವುದು ಶೇ 20ರದ್ದು. ಇಂಧನ ಕೊಳವೆಗಳ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ. ಇನ್ನು ಹೊಸದರಲ್ಲಿ ಎಂಜಿನ್ ತಿರುಗುವ ವೇಗ ತೋರಿಸುವ ಮುಳ್ಳಿನ ಟ್ಯಾಕೊಮೀಟರ್ ಹೋಗಿ ಪರದೆ ಬಂದಿದೆ, ಕೀಲಿ ತಿರುಗಿಸುವ ಬದಲು ಗುಂಡಿ ಒತ್ತಬೇಕು. ಹಿಂದಿನ ಸೀಟುಗಳು ಬೇಕೆಂದು ಕೇಳಿ ಬರೆಸದಿದ್ದರೆ ಎರಡೇ ಸೀಟಿನ ಕಾರು ಬರುತ್ತದೆ. ಅಳಿಯನ ಮಗಳು ಎರಡನೆಯ ತರಗತಿಯಲ್ಲಿದ್ದಾಳೆ. ವೈದ್ಯರ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನೋಡಿ ಆಗಲೇ ತನ್ನದೆಂದು ಘೋಷಿಸಿದ್ದಾಳೆ.

ಆದ್ದರಿಂದ ನನ್ನ ಮತ ಆ 2010ರ ಕಾರಿಗೆ. ಮುಂದಿನ ಸಲ ಇಂಥ ಹೋಲಿಕೆ ಪ್ರಕಟಿಸುವಾಗ ಸೆಕೆಂಡುಗಳ ಜೊತೆಗೆ ತೆರಿಗೆ, ನವೀಕರಣ, ಯಾವ ವರ್ಷದ ಎಂಜಿನ್ ಎಂಬ ಮೂರು ಸಾಲು ಸೇರಿಸಿ ಎಂದು ಕೋರುತ್ತೇನೆ. ಲೇಖನ ಬರೆದವರು ಬೆಂಗಳೂರಿನಲ್ಲೇ ಇದ್ದರೆ, ಆರ್‌ಸಿ ಬಂದ ಮೇಲೆ ಆ ಕಾರಿನಲ್ಲಿ ಕನಕಪುರ ರಸ್ತೆಗೆ ಒಂದು ಸುತ್ತು ಹೋಗಿ ಬರಲಿ. ಅಳಿಯ ಒಪ್ಪಿದ್ದಾನೆ; ಪೆಟ್ರೋಲು ಮಾತ್ರ ಅವರೇ ಹಾಕಿಸಬೇಕಂತೆ.

ಇಂತಿ,
ನಿವೃತ್ತ ತಪಾಸಣಾಧಿಕಾರಿ
ಕುವೆಂಪುನಗರ, ಮೈಸೂರು